ಬೋರಲು ತಟ್ಟೆ

ಆಸ್ಪತ್ರೆಯ ಲಾಂಡ್ರಿಯಲ್ಲಿ ಆಕೆಯನ್ನು ಎಲ್ಲರೂ ಕರೆಯುವುದು ಸೋಪಮ್ಮ ಎಂದು. ರಕ್ತ, ಕೀವು, ವಾಂತಿ ಮೆತ್ತಿಕೊಂಡು ಬಂದ ಹಾಸುಗಳನ್ನು ಬಿಡಿಸಿ, ಕಲೆ ಯಾವುದೆಂದು ನೋಡಿ, ತಣ್ಣೀರಿಗೊಂದು ರಾಶಿ ಬಿಸಿನೀರಿಗೊಂದು ರಾಶಿ ಮಾಡುವುದು ಆಕೆಯ ಕೆಲಸ. ರಕ್ತದ ಬಟ್ಟೆಯನ್ನು ಬಿಸಿನೀರಿಗೆ ಹಾಕಿದರೆ ಕಲೆ ಜನ್ಮದಲ್ಲಿ ಬಿಡುವುದಿಲ್ಲ. ಹೊಸಬರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಕರಿಸುತ್ತಿದ್ದರೆ ಸೋಪಮ್ಮ ಅವರ ಪಕ್ಕದಲ್ಲೇ ನಿಂತು ಬನ್ನು ತಿನ್ನುತ್ತಿದ್ದಳು.

"ನಿಂಗೆ ಹೇಸಿಗೆ ಅನ್ನೋದೇ ಇಲ್ವೇನೇ?" ಎಂದು ಜೊತೆಯವಳು ಕೇಳಿದರೆ, "ಇದೆ ಕಣೇ, ಮನೇಲಿಟ್ಟು ಬಂದಿದ್ದೀನಿ" ಎನ್ನುತ್ತಿದ್ದಳು. ಜೊತೆಯವಳು ತಮಾಷೆಯೆಂದು ನಗುತ್ತಿದ್ದಳು.

ತಮಾಷೆಯಾಗಿರಲಿಲ್ಲ. ಆ ಹೇಸಿಗೆ ದಿನಾ ಸಂಜೆ ಊಟದ ಮೇಜಿನ ಬಳಿ ಆಕೆಗಾಗಿ ಕಾದಿರುತ್ತಿತ್ತು. ಗಂಡ ಸೋಫಾ, ಮಂಚ ಮಾರುವ ದೊಡ್ಡ ಅಂಗಡಿಯಲ್ಲಿ ಸೇಲ್ಸ್‌ಮನ್. ಗಿರಾಕಿ ಒತ್ತಿ ನೋಡುವ ಕಡೆ ಒಳ್ಳೆಯ ಸ್ಪಂಜು, ಕಣ್ಣಿಗೆ ಬೀಳದ ಕಡೆ ಹರಕು ಬಟ್ಟೆ. ಮೇಲೆ ಥಳುಕು, ಒಳಗೆ ಹುಳುಕು. ಅಂಥ ಸರಕನ್ನು ಹಲ್ಲುಕಿರಿದು ಮಾರುವ ವಿದ್ಯೆಯನ್ನು ಆತ ಮನೆಗೂ ತಂದಿದ್ದ. ಮಕ್ಕಳಿಬ್ಬರು: ಹತ್ತು ವರ್ಷದ ದೊಡ್ಡವಳು, ಆರು ವರ್ಷದ ಪುಟ್ಟಿ. ಅವರಿಗೆ ಬೈಬಲ್ ಕಲಿಸುವುದು ತನ್ನ ಕರ್ತವ್ಯವೆಂದು ಒಂದು ನಿಯಮ ಮಾಡಿದ್ದ. ಊಟಕ್ಕೆ ಕೂತಾಗ ತಟ್ಟೆಗಳು ಬೋರಲಾಗಿರಬೇಕು. ಅವತ್ತಿನ ವಾಕ್ಯವನ್ನು ತಪ್ಪಿಲ್ಲದೆ ಒಪ್ಪಿಸಿದ ಮೇಲೆ ಅಪ್ಪನೇ ತಟ್ಟೆಯನ್ನು ತಿರುಗಿಸಿಡುತ್ತಿದ್ದ. ತಪ್ಪಿದರೆ ಊಟ ತಣ್ಣಗಾಗುವವರೆಗೂ ಮತ್ತೆ ಮತ್ತೆ ಹೇಳಬೇಕು. ಆತನ ತಟ್ಟೆ ಮಾತ್ರ ಮೊದಲೇ ನೆಟ್ಟಗಿರುತ್ತಿತ್ತು. ಮೇಷ್ಟರಿಗೆ ಪರೀಕ್ಷೆ ಎಲ್ಲಾದರೂ ಉಂಟೇ!

ಸೋಪಮ್ಮನಿಗೇನು ದೇವರು ಬೇಡವಾಗಿರಲಿಲ್ಲ. ಹಾಸು ಮಡಚುವಾಗ ಅದರ ಮೇಲೆ ಮಲಗಲಿರುವವರಿಗಾಗಿ ತುಟಿಯಲ್ಲೇ ಪ್ರಾರ್ಥನೆ ಮಾಡುವವಳು ಅವಳು. ಆದರೆ ಹಸಿದ ಮಗು ಅನ್ನದ ಪಾತ್ರೆಯ ಮೇಲೆ ಕಣ್ಣಿಟ್ಟು ದೇವರ ಮಾತನ್ನು ಗಿಳಿಪಾಠದಂತೆ ಒಪ್ಪಿಸುವುದನ್ನು ನೋಡಿದರೆ ಆಕೆಗೆ ಹೇಸಿಗೆಯಾಗುತ್ತಿತ್ತು.

ಹಿಂದಿನ ಕೋಣೆಯಲ್ಲಿ ಅತ್ತೆ ಮಲಗಿದ್ದರು. ಈ ಮನೆಯಲ್ಲಿ ಬೈಬಲ್ ಕಲಿಸಿದವರು ನಿಜವಾಗಿ ಅವರೇ. ಬಟಾಣಿ ಸುಲಿಯುತ್ತಾ ಕಥೆ ಶುರುಮಾಡಿ, ಕುರಿಕಾಯುವ ಹುಡುಗನ ಕವಣೆಯ ಕಲ್ಲು ದೈತ್ಯನತ್ತ ಹಾರುವ ಹೊತ್ತಿಗೆ ಸರಿಯಾಗಿ "ಮಿಕ್ಕಿದ್ದು ನಾಳೆ" ಎಂದು ಏಳುತ್ತಿದ್ದರು. ಮಕ್ಕಳು ಕಾಡಿಬೇಡಿ ಮತ್ತೆ ಕೂರಿಸುತ್ತಿದ್ದರು. ಲಕ್ವ ಹೊಡೆದ ಮೇಲೆ ದೇಹದ ಒಂದು ಭಾಗ ಹೋಯಿತು, ಕಥೆಗಳ ಬೇಲಿಯೂ ಹೋಯಿತು. ಪ್ರಳಯದ ಕಥೆಯ ನೋಹನ ನಾವೆಯಲ್ಲಿ ಬೇರೆ ಕಥೆಯ ಯೋನ ಬಂದು ಕೂತ. ಅವನ ಹಿಂದೆಯೇ ಅವನನ್ನು ನುಂಗಿದ ಮೀನೂ ಬಂತು. ಮೀನಿಗೆ ಅಜೀರ್ಣವಾಗಿ ನೋಹನ ಹೆಂಡತಿ ಅದರ ಹೊಟ್ಟೆ ನೀವಿದಳು. ಪುಟ್ಟಿ ಅಜ್ಜಿಯ ಮಂಚದ ಮೇಲೆ ಬಿದ್ದು ಹೊರಳಾಡಿ ನಗುತ್ತಿದ್ದಳು. ಅಲ್ಲಿನ ವಾಸನೆ ಅವಳ ಮೂಗಿಗೇ ಬರುತ್ತಿರಲಿಲ್ಲ.

ಒಂದು ದಿನ ಗಂಡನ ಕಿವಿಗೆ ಅದು ಬಿತ್ತು. "ಅಮ್ಮ ದೇವರ ವಾಕ್ಯ ಕೆಡಿಸ್ತಿದ್ದಾಳೆ. ಮಕ್ಕಳು ತಪ್ಪು ಕಲೀತಾರೆ. ಇನ್ಮೇಲೆ ಇಬ್ಬರೂ ಆ ರೂಮಿಗೆ ಹೋಗೋದು ಬೇಡ" ಎಂದ.

ಆತ ತಾನೂ ಹೋಗುತ್ತಿರಲಿಲ್ಲ. ಹೊಸ್ತಿಲಲ್ಲಿ ನಿಂತು, ಮೂಗಿಗೆ ಕರ್ಚೀಫು ಹಿಡಿದು, "ಹೇಗಿದ್ದೀಯಮ್ಮ?" ಎಂದು ಕೇಳಿ, ಉತ್ತರ ಬರುವ ಮೊದಲೇ ತಿರುಗುತ್ತಿದ್ದ. ಕೆಲವೇ ದಿನಗಳಲ್ಲಿ ದೊಡ್ಡವಳೂ ಹಾಗೇ ನಿಲ್ಲಲು ಕಲಿತಳು. ಬೆರಳಿನಿಂದ ಮೂಗು ಹಿಡಿದು ಹೊಸ್ತಿಲಲ್ಲಿ ನಿಂತ ಮಗಳನ್ನು ಸೋಪಮ್ಮ ಕಂಡಳು. ವಾಕ್ಯ ಮರೆತುಹೋದರೆ ನಾಳೆ ಓದಿಕೊಳ್ಳಬಹುದು, ಈ ನಿಲುವು ಮೈಗೆ ಹತ್ತಿದರೆ ಬಿಡಿಸುವವರು ಯಾರು?

ಅಷ್ಟರಲ್ಲಿ ಚರ್ಚಿನಲ್ಲಿ ಒಂದು ಹೊಸ ಯೋಜನೆ ಹುಟ್ಟಿತು. ಮಕ್ಕಳಿಗೆ ಮನೆಯಲ್ಲೇ ಬೈಬಲ್ ಚೆನ್ನಾಗಿ ಕಲಿಸುವ ಒಂದು ಕುಟುಂಬವನ್ನು ಆರಿಸುವುದು, ಮಿಕ್ಕ ತಂದೆತಾಯಿಗಳು ಅವರಲ್ಲಿಗೆ ಹೋಗಿ ನೋಡಿ ಕಲಿಯುವುದು. ಅದಕ್ಕಾಗಿ ಪಾಸ್ಟರು ಹೆಂಡತಿಯೊಂದಿಗೆ ಮನೆಮನೆಗೆ ಬರುವವರಿದ್ದರು. ಗಂಡನ ಕಾಲು ನೆಲದ ಮೇಲೆ ನಿಲ್ಲದಾಯಿತು. ಮಕ್ಕಳಿಗೆ ಸನ್ನೆಗಳನ್ನು ಕಲಿಸಿದ: ಕಿವಿ ಮುಟ್ಟಿಕೊಂಡರೆ ಕೀರ್ತನೆ, ಕಾಲರ್ ಮುಟ್ಟಿಕೊಂಡರೆ ದಶಾಜ್ಞೆ. ಥೂ, ಕೋತಿ ಆಡಿಸುವವನಿಗೂ ಇದಕ್ಕಿಂತ ಮರ್ಯಾದೆ ಇರುತ್ತದೆ.

ಅವರು ಬರುವ ಸಂಜೆ ಆತ ಮನೆಯೆಲ್ಲ ಸೆಂಟು ಹೊಡೆದ. ಆಮೇಲೆ ಹಿಂದಿನ ಕೋಣೆಯ ಬಾಗಿಲು ಎಳೆದು ಹೊರಗಿನಿಂದ ಚಿಲಕ ಹಾಕಿದ.

"ಚಿಲಕ ಯಾಕ್ರೀ?" ಎಂದಳು ಸೋಪಮ್ಮ.

"ಒಂದ್ಗಂಟೆ ತಾನೇ. ಈಗಷ್ಟೇ ಮೈ ಒರೆಸಿದ್ದೀಯಲ್ಲ."

"ಅವರು ಅತ್ತೇನೂ ಮಾತಾಡಿಸ್ಲಿ ಬಿಡಿ."

"ಆ ವಾಸನೇಲಾ? ನನ್ನ ಮಾನ ಕಳೀಬೇಕು ಅಂತಿದ್ದೀಯಾ?"

ಚಿಲಕ ತೆಗೆಯಲು ಆಕೆಗೆ ಕೈ ಇರಲಿಲ್ಲವೇ? ಇತ್ತು. ಮನೆಯಲ್ಲಿ ಜಗಳ ಬೇಡವೆಂದು ಆ ಕೈಯಿಂದ ಚಹಾಕ್ಕೆ ನೀರಿಟ್ಟಳು. ತನ್ನ ಮೇಲೆ ತನಗೇ ಅಸಹ್ಯವಾಯಿತು.

ಪಾಸ್ಟರು ಸೋಫಾದಲ್ಲಿ ಕೂತರು. ಅವರ ಹೆಂಡತಿ ಪುಟ್ಟಿಯ ಕೆನ್ನೆ ಹಿಂಡಿದರು. ಗಂಡ ಕಾಲರ್ ಮುಟ್ಟಿಕೊಂಡ. ಮಕ್ಕಳು ಕೈಕಟ್ಟಿ ಶುರುಮಾಡಿದರು: "ನಿನ್ನ ತಂದೆತಾಯಿಗಳನ್ನು ಸನ್ಮಾನಿಸಬೇಕು..."

ಒಳಗಿನಿಂದ ಕ್ಷೀಣವಾದ ಸ್ವರ ಬಂತು. "ಮಗಾ... ನೀರು..."

"ಜೋರಾಗಿ ಹೇಳ್ರಮ್ಮ!" ಎಂದ ಗಂಡ.

ಮಕ್ಕಳು ಮೊದಲಿನಿಂದ ಹೇಳಿದರು. ಅಜ್ಜಿ ಮತ್ತೆ ಕೂಗಿದರು. "ಇನ್ನೂ ಜೋರು!" ಮಕ್ಕಳ ಕುತ್ತಿಗೆಯ ನರ ಉಬ್ಬಿತು. ಒಳಗಿನ ದನಿ ಮುಳುಗಿಹೋಯಿತು.

"ಭೇಷ್! ಈ ವಾಕ್ಯದ ಅರ್ಥ ಗೊತ್ತಾ ಪುಟ್ಟಿ?" ಎಂದು ಪಾಸ್ಟರ ಹೆಂಡತಿ ಕೇಳಿದರು.

ಅರ್ಥಕ್ಕೆ ಯಾವ ಸನ್ನೆಯೂ ಇರಲಿಲ್ಲ. ಪುಟ್ಟಿ ಅಪ್ಪನನ್ನು ನೋಡಿದಳು, ಕೋಣೆಯ ಬಾಗಿಲನ್ನು ನೋಡಿದಳು. "ಅಜ್ಜಿ ಕೂಗಿದ್ರೆ ಕೇಳಿಸದೇ ಇರೋ ಹಾಗೆ ಹೇಳೋದು" ಎಂದಳು.

ಗಂಡ ಗಹಗಹಿಸಿ ನಕ್ಕ. "ಮಕ್ಕಳ ಮಾತು ನೋಡಿ!" ಪಾಸ್ಟರೂ ನಕ್ಕು ಬಿಸ್ಕತ್ತಿಗೆ ಕೈಹಾಕಿದರು. ಕೀವಿನ ಬಟ್ಟೆಯ ಪಕ್ಕದಲ್ಲಿ ಬನ್ನು ತಿಂದು ಅರಗಿಸಿಕೊಂಡವಳಿಗೆ ಆ ನಗು ಕೇಳಿ ವಾಂತಿ ಬಂದಂತಾಯಿತು. ಹೋಗಿ ಚಿಲಕ ತೆಗೆದು ಬಾಗಿಲನ್ನು ಹಾರುಹೊಡೆದಳು. ಸೆಂಟನ್ನು ಸೀಳಿಕೊಂಡು ವಾಸನೆ ಹೊರಗೆ ಬಂತು. ಪಾಸ್ಟರ ಹೆಂಡತಿಗೆ ಇನ್ನೊಂದು ಮನೆಗೆ ಹೋಗುವುದಿದೆಯೆಂದು ತಟ್ಟನೆ ನೆನಪಾಯಿತು.

ಅತ್ತೆಗೆ ನೀರು ಕುಡಿಸಿ, ಹಾಸು ಬದಲಾಯಿಸುವಾಗ ಮೆಟ್ಟಿಲಿನಿಂದ ಪಾಸ್ಟರ ಮಾತು ಕೇಳಿಸಿತು. "ಮಕ್ಕಳಲ್ಲಿ ಶಿಸ್ತಿದೆ. ನಿಮ್ಮ ಮನೇನೇ ಅಂತ ಇಟ್ಕೊಳ್ಳಿ."

ಊಟದ ಹೊತ್ತಿಗೆ ಗಂಡ ಹಾಡು ಗುನುಗುತ್ತಾ ಬಂದು ಕೂತ. ಮಕ್ಕಳ ತಟ್ಟೆಗಳು ಆಗಲೇ ನೆಟ್ಟಗಿದ್ದವು, ಬಡಿಸಿಯೂ ಆಗಿತ್ತು. ಆತನದು ಬೋರಲು.

"ಇದೇನಿದು?"

"ಇವತ್ತಿನ ವಾಕ್ಯ ನೀವು ಒಪ್ಪಿಸಿ."

ಅದೇನು ಮಹಾ ಎನ್ನುವಂತೆ ಆತ ಗಂಟಲು ಸರಿಮಾಡಿಕೊಂಡು, ತಂದೆತಾಯಿಗಳ ವಾಕ್ಯವನ್ನು ಅಧ್ಯಾಯ ಸಮೇತ ಒಂದಕ್ಷರ ತಪ್ಪದೆ ಹೇಳಿ ಮುಗಿಸಿದ. ಸೋಪಮ್ಮ ಅತ್ತೆಗಾಗಿ ಕಿವುಚಿಟ್ಟ ಅನ್ನದ ಬಟ್ಟಲನ್ನೂ ಚಮಚವನ್ನೂ ಆತನ ಮುಂದೆ ತಳ್ಳಿದಳು.

"ಇಲ್ಲಲ್ಲ, ಒಳಗೆ ಹೋಗಿ ಒಪ್ಪಿಸಿ. ನಿಮ್ಮಮ್ಮ ಹಸಿದಿದ್ದಾರೆ."

ಮಕ್ಕಳು ಉಣ್ಣುವುದನ್ನು ನಿಲ್ಲಿಸಿ ನೋಡಿದರು. ಆತ ಬಟ್ಟಲು ಹಿಡಿದು ಎದ್ದ. ಹೊಸ್ತಿಲವರೆಗೆ ಹೋದ. ಜೇಬಿನಿಂದ ಕರ್ಚೀಫು ತೆಗೆದ. ಅಲ್ಲೇ ಒಂದು ಗಳಿಗೆ ನಿಂತು, ತಿರುಗಿ ಬಂದು ಬಟ್ಟಲನ್ನು ಮೇಜಿನ ಮೇಲಿಟ್ಟ.

"ನಾಳೆ ತಿನ್ನಿಸ್ತೀನಿ, ಇವತ್ತು ಸುಸ್ತು" ಎಂದ.

"ಅಮ್ಮ, ಅಪ್ಪಂಗೆ ವಾಕ್ಯ ಬರಲ್ವಾ?" ಎಂದು ಪುಟ್ಟಿ ಕೇಳಿದಳು.

ದೊಡ್ಡವಳು ಎದ್ದು ಕೈತೊಳೆದು, ಬಟ್ಟಲು ಎತ್ತಿಕೊಂಡು ಹೊಸ್ತಿಲಲ್ಲಿ ಅರೆಕ್ಷಣ ತಡೆದು ಒಳಗೆ ಹೋದಳು. ಪುಟ್ಟಿ ನೀರಿನ ಲೋಟ ಹಿಡಿದು ಅವಳ ಹಿಂದೆ ಓಡಿದಳು. ಗಂಡ ತನ್ನ ತಟ್ಟೆಯನ್ನು ತಿರುಗಿಸಲು ಕೈಚಾಚಿದ. ಸೋಪಿನಿಂದ ಬಿರಿದ ಅಂಗೈಯನ್ನು ಅದರ ಬೆನ್ನ ಮೇಲೆ ಊರಿ, ಸೋಪಮ್ಮ ಮತ್ತೊಂದು ಕೈಯಿಂದ ಊಟ ಶುರುಮಾಡಿದಳು.