ಒಂದನೇ ಬಾಟಲಿ

ನಮ್ಮ ಮಾಸ್ತರರ ಬಲಗೈ ಹೆಬ್ಬೆರಳು ಹಳದಿಯಾಗಿತ್ತು. ನೈಟ್ರಿಕ್ ಆಸಿಡ್ ತಾಗಿ ಆದ ಕಲೆ ಎಂದು ಹೊಸ ಹುಡುಗರಿಗೆ ತೋರಿಸುತ್ತಿದ್ದರು. ಅಂಥ ಕಲೆ ಕೆಲವು ವಾರಗಳಲ್ಲಿ ಸವೆದು ಹೋಗಬೇಕು, ಇವರದು ವರ್ಷವಿಡೀ ಇರುತ್ತಿತ್ತು. ಆಗಾಗ ತಾವೇ ಒಂದು ಹನಿ ಸೋಕಿಸಿಕೊಳ್ಳುತ್ತಾರೆ ಎಂದು ನಮ್ಮ ಗುಮಾನಿ. ಬೇರೆ ಯಾವ ಕಾರಣಕ್ಕೂ ಆ ಕೈ ಬಾಟಲಿಯ ಹತ್ತಿರ ಹೋದದ್ದನ್ನು ನಾನು ಕಂಡಿದ್ದು ಕಡಿಮೆ.

ಜಮಖಂಡಿ ಸಂಸ್ಥಾನ ಹೋಗಿ ನಾವು ಮುಂಬಯಿ ರಾಜ್ಯದವರಾಗಿ ಕೆಲವು ವರ್ಷಗಳಾಗಿದ್ದವು. ನಾನು ಬನಹಟ್ಟಿಯವನು, ನಮ್ಮಪ್ಪ ನೂಲಿಗೆ ಬಣ್ಣ ಹಾಕುತ್ತಿದ್ದ. ಜಮಖಂಡಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಹೈಸ್ಕೂಲು ಓದುತ್ತಿದ್ದೆ. ಅಲ್ಲಿ ನಮಗೆ ರಸಾಯನಶಾಸ್ತ್ರ ಕಲಿಸಲು ಇದ್ದವರು ಇವರು. ಕಲಿಸಿದರು ಎಂದು ಬರೆಯಲು ಮನಸ್ಸು ಒಪ್ಪುವುದಿಲ್ಲ.

ಕೊರಳತನಕ ಗುಂಡಿ ಹಾಕಿದ ಕೋಟು, ಕರಿ ಟೊಪ್ಪಿಗೆ. ಪ್ರಯೋಗದ ಸಾಮಾನಿನ ಕಪಾಟಿಗೆ ಬೀಗ, ಬೀಗದ ಕೈ ಕೋಟಿನ ಒಳಕಿಸೆಯಲ್ಲಿ. ಒಂದು ಹಳೆಯ ವಹಿ ತೆಗೆದು ಓದುತ್ತಾ ಹೋಗುವರು, ನಾವು ಬರೆದುಕೊಳ್ಳುತ್ತಾ ಹೋಗಬೇಕು. ಮೇಜಿನ ಮೇಲೆ ಏನಾದರೂ ಹೊಗೆಯಾಡಿತು ಎಂದು ಯಾರಾದರೂ ತಲೆ ಎತ್ತಿದರೆ ಮುಗಿಯಿತು.

"ಏನ ನೋಡತೀಲೇ? ನೋಡೂದು ಆಮ್ಯಾಲ. ಮೊದಲ ಬರಕೋ."

ಒಮ್ಮೆ ಆಮ್ಲಜನಕ ತಯಾರಿಸಿದರು. ಕೆಂಡದ ಕಡ್ಡಿಯನ್ನು ನಳಿಕೆಯ ಬಾಯಿಗೆ ಹಿಡಿದರೆ ಅದು ಭಗ್ಗನೆ ಹೊತ್ತಿಕೊಳ್ಳಬೇಕು. ಹೊತ್ತಲಿಲ್ಲ, ಇದ್ದ ಕೆಂಡವೂ ಆರಿತು. ನಾವು ಅವರ ಮುಖ ನೋಡಿದೆವು. "ಹೊತ್ತಿತು ಅಂತ ಬರೀರಿ," ಎಂದರು. ಇಡೀ ವರ್ಗ ಹೊತ್ತಿತು ಎಂದು ಬರೆಯಿತು. ನಾನೂ ಬರೆದೆ.

ಸುಳ್ಳು ಹೇಳಲಾರೆ, ಜ್ವರ ಬಂದರೂ ಅವರು ಸಾಲಿ ತಪ್ಪಿಸಿದವರಲ್ಲ. ಅಕ್ಷರ ಮುತ್ತಿನಂತಿತ್ತು. ಅವರ ಹುಡುಗರು ಎಸ್.ಎಸ್.ಸಿ.ಯಲ್ಲಿ ನಪಾಸಾದದ್ದು ಅಪರೂಪ. ಅದರ ಗುಟ್ಟು ಸರಳವಾಗಿತ್ತು: ನಪಾಸಾಗುವ ಸಂಶಯವಿದ್ದವರನ್ನು ಅವರು ಪ್ರಿಲಿಮಿನರಿ ಪರೀಕ್ಷೆಯಲ್ಲೇ ಕೆಡವಿ, ಫಾರ್ಮ್ ತುಂಬಲು ಬಿಡುತ್ತಿರಲಿಲ್ಲ. ಫಾರ್ಮ್ ಇಲ್ಲ ಅಂದರೆ ಪರೀಕ್ಷೆ ಇಲ್ಲ. ಒಂದು ವರ್ಷ ಮಣ್ಣುಪಾಲು.

ಆ ಪ್ರಿಲಿಮಿನರಿಯಲ್ಲಿ ಒಂದು ಪ್ರಾತ್ಯಕ್ಷಿಕವೂ ಇರುತ್ತಿತ್ತು, ಅದರಲ್ಲಿ ಬಿದ್ದರೂ ಫಾರ್ಮ್ ಇಲ್ಲ. ಹೆಸರಿಲ್ಲದ ಎರಡು ಬಾಟಲಿ, ಒಂದರಲ್ಲಿ ಆಮ್ಲ, ಇನ್ನೊಂದರಲ್ಲಿ ಕ್ಷಾರ. ಯಾವುದು ಯಾವುದೆಂದು ಲಿಟ್ಮಸ್ ಕಾಗದ ಅದ್ದಿ ಹೇಳಬೇಕು, ಕಾರಣ ಬರೆಯಬೇಕು. ಪ್ರತಿ ವರ್ಷವೂ ಒಂದನೇ ಬಾಟಲಿ ಆಮ್ಲ, ಎರಡನೆಯದು ಕ್ಷಾರ. ಇದು ಎಸ್.ಎಸ್.ಸಿ.ಗೆ ಕೂಡುವ ಹನ್ನೊಂದನೇ ಇಯತ್ತೆಯ ಎಲ್ಲ ಹುಡುಗರಿಗೂ ಬಾಯಿಪಾಠ.

ನಮಗೆ ಕೊಟ್ಟ ಲಿಟ್ಮಸ್ ಬಿಸಿಲಿಗೆ ಬಣ್ಣ ಸತ್ತ ಹಳೆಯ ಚೂರು. ಯಾವುದರಲ್ಲಿ ಅದ್ದಿದರೂ ಬದಲಾಗಲಿಲ್ಲ. ಉಳಿದವರು ಅದರ ಮುಖವನ್ನೂ ನೋಡದೆ ಬರೆದುಕೊಟ್ಟು ಹೊರಗೆ ಹೋದರು. ನಾನು ಬಣ್ಣಗಾರನ ಮಗ. ನಮ್ಮಪ್ಪ ದಿನಾ ಬೆಳಿಗ್ಗೆ ನೀಲಿಯ ಗುಂಡಿಯಲ್ಲಿ ಬೆರಳದ್ದಿ, ಹೆಬ್ಬೆರಳಿನಿಂದ ತಿಕ್ಕಿ ನೋಡಿಯೇ ನೂಲು ಇಳಿಸುತ್ತಿದ್ದ. ಜಾರಿದರೆ ಕಾಸ್ಟಿಕ್ ಸೋಡಾ ಎಂಬ ಕ್ಷಾರ ಸಾಕು, ಜಾರದಿದ್ದರೆ ಇನ್ನಷ್ಟು ಬೇಕು. ನನ್ನ ಕೈ ಅದೇ ರೂಢಿಯಲ್ಲಿ ಒಂದನೇ ಬಾಟಲಿಗೆ ಹೋಯಿತು. ಬೆರಳು ಸಾಬೂನು ಹಚ್ಚಿದಂತೆ ಜಾರಿತು. ಒಂದನೇ ಬಾಟಲಿ ಕ್ಷಾರ ಎಂದು ಬರೆದೆ. ಕಾರಣ: ಬೆರಳಿಗೆ ಜಾರಿತು.

ಸೊನ್ನೆ ಬಂತು. ಕೆಂಪು ಮಸಿಯಲ್ಲಿ, ಆ ಮುತ್ತಿನಂಥ ಅಕ್ಷರದಲ್ಲಿ, "ಬೆರಳು ಉಪಕರಣವಲ್ಲ" ಎಂದು ಬರೆದಿದ್ದರು. ಆ ಪ್ರಾತ್ಯಕ್ಷಿಕದಲ್ಲಿ ಇಡೀ ವರ್ಗಕ್ಕೆ ನಾನೊಬ್ಬನೇ ನಪಾಸು, ಫಾರ್ಮ್ ತಪ್ಪಿತು.

ಸುದ್ದಿ ತಿಳಿದು ಅಪ್ಪ ಕೆಲಸ ಬಿಟ್ಟು ಬಂದ. ಮೊಳಕೈತನಕ ನೀಲಿಯಾದ ಕೈಗಳನ್ನು ಧೋತರದಲ್ಲಿ ಮುಚ್ಚಿಕೊಂಡು ಮಧ್ಯಾಹ್ನವೆಲ್ಲ ಸಾಲಿಯ ಪಡಸಾಲೆಯಲ್ಲಿ ನಿಂತ. ಕೊನೆಗೆ ಅವರು ಹೊರಗೆ ಬಂದರು.

"ಮಾಸ್ತರ್ರ, ಆ ಬಾಟ್ಲಿ ಒಮ್ಮಿ ತಗೀರಿ," ಎಂದ ಅಪ್ಪ. "ನಾ ಕೈ ಹಚ್ಚಿ ಹೇಳತೇನಿ. ಹುಡುಗಂದ ತಪ್ಪಿದ್ರ ಈಗ ಕರಕೊಂಡ ಹೋಗತೇನಿ."

"ನೀ ನಿನ್ನ ಬಣ್ಣದ ಗುಂಡಿ ನೋಡಕೋಪಾ. ಇದು ಶಾಸ್ತ್ರ."

"ಶಾಸ್ತ್ರ ಖರೆರಿ. ನೋಡಾಕ ಏನ ಅಡ್ಡಿ?"

"ಬಾಟ್ಲಿ ಆವತ್ತ ಚೆಲ್ಲಿ ಆತು. ನಡಿ ಇನ್ನ."

ಅಪ್ಪ ಕೈಮುಗಿದ. ಅದನ್ನು ನಾನು ಮರೆತಿಲ್ಲ, ಕ್ಷಮಿಸಿಯೂ ಇಲ್ಲ. ದಾರಿಯಲ್ಲಿ ಅಂದ: "ಮುಂದಿನ ವರ್ಷ ಅವ್ರ ಹೆಂಗ ಅಂತಾರ ಹಂಗ ಬರಿ. ಕೈ ಹಚ್ಚಬ್ಯಾಡ." ಹುಟ್ಟಿದಾಗಿನಿಂದ ಬೆರಳನ್ನು ನಂಬಿದ ಮನುಷ್ಯ ಈ ಮಾತು ಆಡಿದ್ದು.

ಆ ವರ್ಷವಿಡೀ ಅಪ್ಪನ ಜೊತೆ ನೂಲು ಹಿಂಡಿದೆ. ಮರುವರ್ಷ ಅದೇ ಪ್ರಿಲಿಮಿನರಿಗೆ ಕೂತು, ಬಾಟಲಿಗಳ ಬಿರಡೆಯನ್ನೂ ತೆಗೆಯದೆ ಒಂದು ಆಮ್ಲ, ಎರಡು ಕ್ಷಾರ ಎಂದು ಬರೆದೆ. ಪೂರ್ತಿ ಅಂಕ. "ಈಗ ಶಾಣ್ಯಾ ಆದಿ ನೋಡ," ಎಂದು ಆ ಹಳದಿ ಹೆಬ್ಬೆರಳಿದ್ದ ಕೈಯಿಂದ ಬೆನ್ನು ತಟ್ಟಿದರು. ಆ ಎರಡನೇ ಸಲದ ಬಾಟಲಿಗಳಲ್ಲಿ ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮುಂದೆ ನಾನೂ ಮುಧೋಳದಲ್ಲಿ ರಸಾಯನಶಾಸ್ತ್ರದ ಮಾಸ್ತರನಾದೆ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಜಮಖಂಡಿಯ ಬಸ್ ಸ್ಟ್ಯಾಂಡಿನಲ್ಲಿ ಆ ಸಾಲಿಯ ಹಳೆಯ ಸಿಪಾಯಿ ಸಿಕ್ಕ. ಪರೀಕ್ಷೆಯ ಬಾಟಲಿ ತುಂಬಿಡುತ್ತಿದ್ದವನು ಅವನೇ. ಚಹಾ ಕುಡಿಯುತ್ತಾ ತಾನಾಗಿಯೇ ಹೇಳಿದ.

"ನೀವು ನಪಾಸಾದ ವರ್ಷ ನಾ ತಪ್ಪಿ ಅದಲ ಬದಲ ತುಂಬಿದ್ದೆರಿ. ಸಂಜೀಕ ತಿಳೀತು, ಹೋಗಿ ಸರ್‌ಗ ಹೇಳಿದೆ. ಗಪ್ಪ ಚೆಲ್ಲಿ ಬಾ ಅಂದ್ರು."

ಅಪ್ಪ ಪಡಸಾಲೆಯಲ್ಲಿ ನಿಂತಿದ್ದಾಗ ಅವರಿಗೆ ಎಲ್ಲ ಗೊತ್ತಿತ್ತು. ನನ್ನೊಬ್ಬನನ್ನು ಪಾಸು ಮಾಡಿದರೆ ಉಳಿದ ವರ್ಗವನ್ನೆಲ್ಲ ನಪಾಸು ಮಾಡಬೇಕಾಗುತ್ತಿತ್ತು. ಅವರ ಹೆಸರು ನಿಂತದ್ದೇ ಆ ಪಾಸಿನ ಮೇಲೆ. ಅಷ್ಟಕ್ಕೆ ನಮ್ಮಪ್ಪನಿಂದ ಕೈ ಮುಗಿಸಿಕೊಂಡರು.

ಅವರು ಸತ್ತಾಗ ಸಾಲಿಯಲ್ಲಿ ಶೋಕಸಭೆ ಮಾಡಿದರು. ಅವರದೇ ವಿಷಯ ಕಲಿಸುವ ಹಳೆಯ ವಿದ್ಯಾರ್ಥಿ ಎಂದು ನನ್ನನ್ನು ಮಾತಾಡಲು ಕರೆದರು. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಎದ್ದು ನಿಂತೆ. ಎದುರಿಗೆ ಹಾರ ಹಾಕಿದ ಫೋಟೋ, ಮಗ್ಗುಲಲ್ಲಿ ಅವರ ಹೆಂಡತಿ ಮಕ್ಕಳು. ಶಿಸ್ತು ಎಂದೆ, ವೇಳೆಗೆ ತಪ್ಪದವರು ಎಂದೆ, ಅವರಂಥ ಫಲಿತಾಂಶ ಯಾರೂ ಕೊಟ್ಟಿಲ್ಲ ಎಂದೆ. ಕೆಳಗಿಳಿದಾಗ ಹೆಡ್ ಮಾಸ್ತರರು ಕೈಹಿಡಿದು, "ಭಾಳ ಛಲೋ ಮಾತಾಡಿದ್ರಿ," ಎಂದರು. ಸತ್ತ ಮೇಲೂ ಅವರಿಗೆ ಬೇಕಾದ ಉತ್ತರವನ್ನೇ ಕೊಟ್ಟು ಬಂದಿದ್ದೆ.

ಅವರ ಸಲುವಾಗಿ ಇಷ್ಟು ಬರೆದದ್ದು ಸಾಕು. ಅಪ್ಪನ ಸಲುವಾಗಿ ಇನ್ನೊಂದು ಸಾಲು ಬರೆಯುತ್ತೇನೆ.

ಒಂದನೇ ಬಾಟಲಿ ಕ್ಷಾರ. ಕಾರಣ: ಬೆರಳಿಗೆ ಜಾರಿತು.