ತಲೆಕಟ್ಟು ಬಿದ್ದ ಸಹಿ

ಕಟಪಾಡಿಯ ಬೂದಣ್ಣ ಏಳು ಊರಿನ ಮದುವೆಗಳಿಗೆ ಅಡುಗೆ ಮಾಡಿದವರು. ಐನೂರು ಎಲೆಯ ಸಾರಿಗೆ ಉಪ್ಪು ಹಾಕಿದ ಮೇಲೆ ಅವರು ನಾಲಿಗೆಗೆ ಒಂದು ಹನಿ ಮುಟ್ಟಿಸಿದ್ದನ್ನು ಕಂಡವರಿಲ್ಲ; ಹಬೆಗೆ ಮುಖ ಒಡ್ಡಿ, ಮೂಗರಳಿಸಿ ‘ಸಾಕು’ ಎಂದರೆ ಸಾಕು. ಅವರ ಮಗ ಲೋಕನಾಥ ಮಂಗಳೂರಿನಲ್ಲಿ ಆಗಬೋಟು ಹತ್ತಿ ಮುಂಬಯಿಗೆ ಬರುವಾಗ ಗೋಣಿಯಲ್ಲಿ ಸುತ್ತಿದ ಅರೆಯುವ ಕಲ್ಲನ್ನೂ ಹೊತ್ತು ತಂದವರು. ಕಲ್ಲಿಗೆ ಬೇರೆ ಬಾಡಿಗೆ ಕೊಡು ಎಂದು ಬೋಟಿನ ಗುಮಾಸ್ತ ಗದರಿದಾಗ ‘ಇದು ನನ್ನ ತಲೆದಿಂಬು ಸ್ವಾಮೀ’ ಎಂದುಬಿಟ್ಟರು. ಹೇಳಿದ ತಪ್ಪಿಗೆ ದಾರಿಯುದ್ದಕ್ಕೂ ಅದರ ಮೇಲೆಯೇ ತಲೆಯಿಟ್ಟು ಮಲಗಬೇಕಾಯಿತು. ಲೋಕನಾಥರ ಮಗ ಮುದ್ದಣ್ಣ ಮುಂಬಯಿಯ ಒಂದು ಕ್ರಿಕೆಟ್ ಕ್ಲಬ್ಬಿನಲ್ಲಿ ಮೂವತ್ತೆರಡು ವರ್ಷ ಕ್ಯಾಂಟೀನು ನಡೆಸಿದರು. ಔಟೋ ಅಲ್ಲವೋ ಎಂಬ ಜಗಳದಲ್ಲಿ ಒಮ್ಮೆ ಎರಡು ತಂಡದವರೂ ಸ್ಟಂಪು ಕಿತ್ತು ಕೈಗೆ ತೆಗೆದುಕೊಂಡಾಗ, ಸುಡುವ ಗೋಳಿಬಜೆಯ ತಟ್ಟೆ ಹಿಡಿದು ನಡುವೆ ನುಗ್ಗಿ, ‘ಮೊದಲು ತಿನ್ನಿ, ಆರಿದರೆ ರುಚಿಯಿಲ್ಲ, ಆಮೇಲೆ ಹೊಡೆದುಕೊಳ್ಳಿ’ ಎಂದವರು ಅವರು. ಬಾಯಿ ತುಂಬಿದ ಮೇಲೆ ಯಾರೂ ಹೊಡೆದಾಡಲಿಲ್ಲ.

ಆ ಮುದ್ದಣ್ಣನವರ ಮಗ ಕಮಲಾಕ್ಷಣ್ಣ. ಈಗ ಎಪ್ಪತ್ನಾಲ್ಕು ವರ್ಷ, ಡೊಂಬಿವಲಿ ಪೂರ್ವದಲ್ಲಿ ವಾಸ. ಅವರ ಕೈಗೆ ಸಟ್ಟುಗ ಒಗ್ಗಲಿಲ್ಲ, ಚೆಂಡು ಒಗ್ಗಿತು. ಆಡುವುದಕ್ಕಲ್ಲ, ನೋಡುವುದಕ್ಕೆ. ಹಳೆಯ ಆಟಗಾರರು ಸಹಿ ಹಾಕಿದ ಚೆಂಡು, ಬ್ಯಾಟುಗಳನ್ನು ಪರೀಕ್ಷಿಸಿ ಇದು ಅಸಲು, ಇದು ನಕಲು, ಇದಕ್ಕೆ ಇಷ್ಟು ಬೆಲೆ ಎಂದು ಹೇಳುವ ಕೆಲಸ. ಯಾವ ಶಾಲೆಯಲ್ಲೂ ಕಲಿಸದ ಈ ವಿದ್ಯೆಯನ್ನು ಅವರು ಮೂವತ್ತು ವರ್ಷಗಳಲ್ಲಿ ಕಣ್ಣು, ಬೆರಳು, ಮೂಗುಗಳಿಂದಲೇ ಕಲಿತರು. ಅಕ್ಕನ ಮಗ ಲತೀಶನಿಗೆ ಸ್ಟೇಷನ್ನಿನ ಹತ್ತಿರ, ಸೀರೆ ಅಂಗಡಿಯ ಮಹಡಿಯ ಮೇಲೆ, ಹಳೆಯ ಆಟದ ಸಾಮಾನು ಕೊಂಡು ಮಾರುವ ಅಂಗಡಿಯಿದೆ. ಭಾನುವಾರ ಬೆಳಿಗ್ಗೆ ಕಮಲಾಕ್ಷಣ್ಣ ಅಲ್ಲಿ ಪೂರ್ವದ ಕಿಟಕಿಗೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಠಾಣೆಯಿಂದ, ಪನ್ವೇಲಿನಿಂದ ಜನ ಚೆಂಡು ಕಟ್ಟಿಕೊಂಡು ಬರುತ್ತಾರೆ.

ಅವರು ಮೊದಲು ಚೆಂಡನ್ನು ಮೂಸುತ್ತಾರೆ. ಹಳೆಯ ತೊಗಲಿಗೆ ಹಳೆಯ ಟ್ರಂಕಿನ ವಾಸನೆ. ಚಹಾದ ನೀರಿನಲ್ಲಿ ಅದ್ದಿ ಹಳತು ಮಾಡಿದ್ದಾದರೆ ಚಹಾ ಅಂಗಡಿಯವನ ಮಗನಿಗೆ ಗೊತ್ತಾಗದೆ ಇರುತ್ತದೆಯೇ? ಆಮೇಲೆ ಹೊಲಿಗೆಯ ಮೇಲೆ ಉಗುರು ಎಳೆಯುತ್ತಾರೆ. ಕೊನೆಗೆ ಚೆಂಡನ್ನು ಓರೆ ಬಿಸಿಲಿಗೆ ಹಿಡಿಯುತ್ತಾರೆ. ಕೆಂಪು ತೊಗಲಿನ ಮೇಲೆ ಮಸಿ ಮಾಸಬಹುದು, ಪೆನ್ನು ಒತ್ತಿದ ಗೀರು ಮಾಸುವುದಿಲ್ಲ. ತನ್ನ ಹೆಸರನ್ನು ತಾನೇ ಬರೆದವನ ಗೀರು ಓಡುತ್ತದೆ; ಇನ್ನೊಬ್ಬನ ಹೆಸರು ಬರೆಯುವವನ ಗೀರು ಅಲ್ಲಲ್ಲಿ ನಿಂತು ಯೋಚಿಸುತ್ತದೆ. ಎಲ್ಲ ನೋಡಿ ಮುಗಿದ ಮೇಲೆ ‘ಜೀವ ಉಂಟು’ ಅಥವಾ ‘ಜೀವ ಇಲ್ಲ’ ಎನ್ನುತ್ತಾರೆ. ಆ ಮಾತಿನ ಮೇಲೆಯೇ ವ್ಯಾಪಾರ.

ಕಳೆದ ದಸರಾ ಕಳೆದು ಬಂದ ಭಾನುವಾರ ಕಾಮೋಠೆಯಿಂದ ಭುಜಂಗಣ್ಣ, ಅವರ ಹೆಂಡತಿ ಚಂಪಕ್ಕ ಬಂದರು. ಭುಜಂಗಣ್ಣ ಕಮಲಾಕ್ಷಣ್ಣನ ಬಾಲ್ಯದ ಗೆಳೆಯ, ಅದೇ ಕ್ಲಬ್ಬಿನ ಮೈದಾನದ ಬೇಲಿಗೆ ಆತು ಬೆಳೆದವರು. ಹುಡುಗನಾಗಿದ್ದಾಗ ಕ್ಲಬ್ಬಿನ ಹನ್ನೊಂದು ಜನರಿಂದಲೂ ಸಹಿ ಹಾಕಿಸಿಕೊಂಡ ಚೆಂಡೊಂದು ಅವರ ಬಳಿಯಿತ್ತು. ಈಗ ಚಂಪಕ್ಕನಿಗೆ ಇಡ್ಲಿ ಹಿಟ್ಟು ಅರೆದು ಮಾರುವ ಮನಸ್ಸು. ದೊಡ್ಡ ಗ್ರೈಂಡರು, ಅದನ್ನಿಡಲು ಗಾಳೆ, ಅಂದರೆ ಒಂದು ಅಂಗಡಿ ಕೋಣೆ ಬೇಕು. ಅದಕ್ಕೆ ಚೆಂಡು ಮಾರಲು ಒಪ್ಪಿಕೊಂಡಿದ್ದರು. ಕೊಳ್ಳುವವರು ಘೋಡಬಂದರ್ ರಸ್ತೆಯಲ್ಲಿ ಹೋಟೆಲಿರುವ ಸುದರ್ಶನ. ಗಲ್ಲಾದ ಹಿಂದೆ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕೆಂದು ಅವರ ಆಸೆ. ಆ ಹನ್ನೊಂದರಲ್ಲಿ ವೇಗದ ಬೌಲರ್ ಅಂಬಾದಾಸರ ಸಹಿಗೇ ಬೆಲೆಯೆಲ್ಲ. ಅದು ಇಲ್ಲದಿದ್ದರೆ ಮೂರರಲ್ಲೊಂದು ಪಾಲೂ ಕಷ್ಟ. ‘ಕಮಲಾಕ್ಷಣ್ಣ ಹೌದು ಅಂದ್ರೆ ಈಗಲೇ ಹಣ’ ಎಂದು ಸುದರ್ಶನ ಬಂದು ಕುಳಿತಿದ್ದರು.

ಚಂಪಕ್ಕ ಕರವಸ್ತ್ರ ಬಿಚ್ಚಿ ಚೆಂಡು ತೆಗೆದರು. “ಆಯುಧಪೂಜೆಗೆ ಸ್ವಲ್ಪ ಕುಂಕುಮ ಇಟ್ಟಿದ್ದೆ, ಬೈಬೇಡಿ ಅಣ್ಣ.”

“ಚೆಂಡು ಆಯುಧವಾ ಚಂಪಕ್ಕ?”

“ಇವರ ತಲೆಗೆ ಒಮ್ಮೆ ಬಿದ್ದಿದ್ರೆ ಆಗ್ತಿತ್ತು.”

ಎಲ್ಲರೂ ನಕ್ಕರು. ಕಮಲಾಕ್ಷಣ್ಣ ಚೆಂಡು ಮೂಸಿ, ಕುಂಕುಮ ಊದಿ, ಬಿಸಿಲಿಗೆ ಹಿಡಿದು ತಿರುಗಿಸತೊಡಗಿದರು. “ಇದಕ್ಕೆ ಜೀವ ಉಂಟು... ಇದಕ್ಕೂ ಉಂಟು... ಇವರು ಎಡಗೈಯವರು, ನೋಡಿ ಹೇಗೆ ವಾಲಿದೆ.” ಹತ್ತು ಸಹಿಗಳು ದಾಟಿದವು. ಹನ್ನೊಂದನೆಯದಕ್ಕೆ ಬಂದಾಗ ಬೆರಳು ನಿಂತಿತು.

ಅಂಬಾದಾಸ ಎಂದು ಇಂಗ್ಲಿಷಿನಲ್ಲಿ ಸಲೀಸಾಗಿ ಓಡಿದ ಸಹಿ. ಎಲ್ಲೂ ನಿಂತು ಯೋಚಿಸಿರಲಿಲ್ಲ. ಆದರೆ ‘ಬಿ’ ಅಕ್ಷರದ ನೆತ್ತಿಯ ಮೇಲೆ, ‘ಡಿ’ ಅಕ್ಷರದ ನೆತ್ತಿಯ ಮೇಲೆ ಬಲಕ್ಕೆ ಎಳೆದ ಪುಟ್ಟ ಕೊಕ್ಕೆ. ಇಂಗ್ಲಿಷ್ ಕಲಿತವರು ಯಾರೂ ಹಾಗೆ ಎಳೆಯುವುದಿಲ್ಲ. ಅದು ಕನ್ನಡದ ತಲೆಕಟ್ಟು.

ಅದನ್ನು ಎಳೆದ ಕೈ ಯಾವುದೆಂದು ಅವರಿಗೆ ಗೊತ್ತಿತ್ತು. ಹದಿನಾಲ್ಕರ ವಯಸ್ಸಿನಲ್ಲಿ ಡ್ರೆಸ್ಸಿಂಗ್ ರೂಮಿಗೆ ಚಹಾ ಒಯ್ಯುತ್ತಿದ್ದದ್ದು ಅವರೇ. ಹೊರಗೆ ಕಾಯುವ ಹುಡುಗರು ಕ್ಯಾಂಟೀನಿನ ಕಿಟಕಿಯಲ್ಲಿ ಚೆಂಡು ಕೊಟ್ಟರೆ ಚಹಾದ ಜೊತೆ ಒಳಗೆ ಒಯ್ದು ಸಹಿ ಹಾಕಿಸಿ ತರುವುದೂ ಅವರದೇ ಕೆಲಸ. ಒಂದು ಚಳಿಗಾಲ ಪೂರ್ತಿ ಅಂಬಾದಾಸರ ಭುಜಕ್ಕೆ ನೋವು. ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು, ಕಣ್ಣು ಕೂಡ ತೆರೆಯದೆ, “ಕಮಲ್ಯಾ, ತೂಚ್ ಕರ್ ರೇ” ಎಂದುಬಿಡುತ್ತಿದ್ದರು. ನೀನೇ ಹಾಕಿಬಿಡೋ ಎಂದು ಅಷ್ಟು ದೊಡ್ಡವರು ಹೇಳಿದರೆ ಹುಡುಗನಿಗೆ ನೆಲ ಕಾಣುತ್ತದೆಯೇ! ಚಹಾದ ಕಟ್ಟೆಯ ಮೇಲೆ ನೂರು ಸಲ ತಿದ್ದಿ ತಿದ್ದಿ ಕಲಿತು ಹಾಕಿದ. ಆದರೆ ಕನ್ನಡ ರಾತ್ರಿಶಾಲೆಯ ಮೇಷ್ಟ್ರು ತಲೆಕಟ್ಟು ಬಿಟ್ಟರೆ ಬೆರಳ ಗೆಣ್ಣಿಗೆ ಹೊಡೆಯುವವರು. ಆ ಹೆದರಿಕೆ ಕೈಯಲ್ಲಿ ಕೂತಿತ್ತು, ಇಂಗ್ಲಿಷಿಗೂ ತಲೆಕಟ್ಟು ಬಿತ್ತು.

“ಮಾವ,” ಲತೀಶ ಕಿವಿಯ ಹತ್ತಿರ ಬಂದ, “ಆ ಒಂದು ಸಹಿಗೇ ಸುದರ್ಶನಣ್ಣ ಬಂದದ್ದು. ಬೋಲೋ ನಾ, ಏನಾಯ್ತು?”

ಹೌದು ಎಂದರೆ ಈ ಜಗತ್ತಿನಲ್ಲಿ ಅಲ್ಲವೆನ್ನುವವರು ಇನ್ನೊಬ್ಬರಿಲ್ಲ. ಅಲ್ಲ ಎಂದರೆ ಮೂವತ್ತು ವರ್ಷ ಊರವರ ನಕಲು ಹಿಡಿದವನು ತಾನೇ ನಕಲಿಯವನಾಗುತ್ತಾನೆ. ಚಂಪಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಅವರ ಬಾಯನ್ನೇ ನೋಡುತ್ತಿದ್ದರು.

“ಹತ್ತಕ್ಕೆ ಜೀವ ಉಂಟು,” ಎಂದರು ಕಮಲಾಕ್ಷಣ್ಣ. “ಇದು ಅಂಬಾದಾಸರದ್ದಲ್ಲ.”

“ಮತ್ತೆ ಯಾರದ್ದು?” ಸುದರ್ಶನ ಮುಂದೆ ಬಾಗಿದರು.

“ನಂದು.”

ಭುಜಂಗಣ್ಣ ಕುರ್ಚಿ ಬಿಟ್ಟು ಎದ್ದರು. “ಎಂತ ಹೇಳ್ತೀರಿ ಮಾರಾಯ್ರೇ? ಕಿಟಕಿಯಲ್ಲಿ ಕೊಟ್ಟದ್ದು ನಾನು, ಒಳಗೆ ಹೋಗಿ ತಂದದ್ದು ನೀವು!”

“ಅದೇ ಹೇಳೋದು. ಒಳಗೆ ಹೋದದ್ದೂ ನಾನೇ, ಹಾಕಿದ್ದೂ ನಾನೇ.”

ಅವರು ಲತೀಶನ ಪೆನ್ನು ತೆಗೆದುಕೊಂಡು ಬಿಲ್ಲಿನ ಹಿಂದೆ ಒಂದು ‘ದ’ ಬರೆದರು, ಪಕ್ಕದಲ್ಲಿ ಇಂಗ್ಲಿಷಿನ ‘ಡಿ’ ಬರೆದರು. ಎರಡರ ಮೇಲೂ ಒಂದೇ ಕೊಕ್ಕೆ. ಚೆಂಡನ್ನು ಪಕ್ಕದಲ್ಲಿಟ್ಟರು. ಅದರ ಮೇಲೂ ಅದೇ ಕೊಕ್ಕೆ.

“ಹಾಗಾದ್ರೆ ಅರವತ್ತು ವರ್ಷ,” ಭುಜಂಗಣ್ಣನ ದನಿ ಏರಿತು, “ಈ ಕಮಲಾಕ್ಷನಿಗಾ ನಾನು ಊದುಬತ್ತಿ ಹಚ್ಚಿದ್ದು?”

ಚಂಪಕ್ಕನಿಗೆ ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಗಂಡ ದುರುಗುಟ್ಟಿದಷ್ಟೂ ನಗು ಹೆಚ್ಚಿತು. ಕಮಲಾಕ್ಷಣ್ಣ ನಗಲಿಲ್ಲ. “ತಪ್ಪಾಯ್ತು ಭುಜಂಗಣ್ಣ. ಆಗ ಅದು ತಪ್ಪು ಅಂತ್ಲೂ ಅನ್ನಿಸಿರ್ಲಿಲ್ಲ. ದೊಡ್ಡ ಮರ್ಯಾದೆ ಅಂದ್ಕೊಂಡಿದ್ದೆ.”

ಸುದರ್ಶನ ವ್ಯಾಪಾರಿ, ಆದರೂ ಒಳ್ಳೆಯ ಮನುಷ್ಯ. ಉಳಿದ ಹತ್ತು ಸಹಿಗೆ ಎಷ್ಟಾಗುತ್ತದೋ ಅಷ್ಟಕ್ಕೆ ಚೆಂಡು ಕೊಳ್ಳುತ್ತೇನೆ ಎಂದರು. ಚಂಪಕ್ಕ ಬೆರಳಲ್ಲಿ ಲೆಕ್ಕ ಹಾಕಿ, “ಗಾಳೆ ಬೇಡ, ಅಡುಗೆಮನೆಯಲ್ಲೇ ಸಣ್ಣ ಗ್ರೈಂಡರು ಇಟ್ಟುಕೊಳ್ತೇನೆ, ಕೊಟ್ಟುಬಿಡಿ” ಎಂದರು. ಭುಜಂಗಣ್ಣ ಆ ಬಿಲ್ಲನ್ನು ಎಳೆದುಕೊಂಡು ನೋಡಿದರು. “ಆದ್ರೂ ಆಗ ಬರೆದ ಡಿ ಇದಕ್ಕಿಂತ ಚಂದ ಇತ್ತು” ಎಂದು ಗೊಣಗಿ, ಅದನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡರು.

ಹೊರಡುವಾಗ ಸುದರ್ಶನ ಬಾಗಿಲಲ್ಲಿ ನಿಂತು ಕೇಳಿದರು: “ಇಂಥದ್ದು ಇದಕ್ಕೆ ಮೊದಲು ಬಂದಿರ್ಲಿಲ್ವಾ ಅಣ್ಣ?”

ಕಮಲಾಕ್ಷಣ್ಣ ಚಷ್ಮಾ ತೆಗೆದು ಒರೆಸಿದರು. “ಎರಡು ಬಂದಿದ್ವು. ಒಂದು ಐರೋಲಿಯವರದ್ದು, ಒಂದು ಕಲ್ಯಾಣದವರದ್ದು. ತಲೆನೋವು, ಬೇರೆಯವರಿಗೆ ತೋರಿಸಿ ಅಂತ ಹೇಳಿ ಕಳಿಸಿದೆ.”

“ಹೌದು ಅಂತ ಹೇಳಿಲ್ವಲ್ಲ, ಬಿಡಿ.”

“ಅಲ್ಲ ಅಂತಲೂ ಹೇಳಿಲ್ಲ.”

ಎಲ್ಲರೂ ಹೋದ ಮೇಲೆ ಅವರು ಚಪ್ಪಲಿ ಮೆಟ್ಟಿಕೊಂಡರು. ಇವತ್ತೇ ಐರೋಲಿಗೆ ಹೋಗುತ್ತೇನೆ, ನಾಳೆ ಕಲ್ಯಾಣ ಎಂದರು. ಲತೀಶ ಕಾರಿನ ಬೀಗದಕೈ ತೆಗೆದುಕೊಂಡು ಅಡ್ಡ ಬಂದು ಅವರ ಕೈ ಹಿಡಿದ.

“ಮಾವ, ಪಾಗಲ್ ಹೋ ಕ್ಯಾ? ಈ ಬಿಸಿಲಲ್ಲಿ? ನಾನು ಕಾರಲ್ಲಿ ಬಿಡ್ತೇನೆ. ಇಲ್ಲಾಂದ್ರೆ ಹೋಗೋದೇ ಬೇಡ, ಅವರಿಗೆ ವಾಟ್ಸಾಪಲ್ಲಿ ನೀಟಾಗಿ ಬರೆದು ಹಾಕ್ತೇನೆ. ಕ್ಲಬ್ಬಿನ ಹುಡುಗರು ಯಾರೋ ಹಾಕಿರ್ಬೇಕು ಅಂತ. ನಿಮ್ಮ ಹೆಸರು ಬರೋದೇ ಇಲ್ಲ.”

“ಬೇಡ ಮಾರಾಯ,” ಎಂದರು ಕಮಲಾಕ್ಷಣ್ಣ. “ಕಾರೂ ಬೇಡ, ನಿನ್ನ ವಾಟ್ಸಾಪೂ ಬೇಡ. ಠಾಣೆಯಲ್ಲಿ ಗಾಡಿ ಬದಲಿಸಿದ್ರೆ ಐರೋಲಿ ಎಷ್ಟು ದೂರ? ನೀನು ಬಂದ್ರೆ ನೀನೇ ಮಾತಾಡ್ತಿ, ಸಕ್ಕರೆ ಹಾಕಿ ಹಾಕಿ, ಅವರಿಗೆ ಬೇಜಾರಾಗದ ಹಾಗೆ. ಬೇಜಾರಾಗ್ಲಿ. ಬೈಯೋದಾದ್ರೆ ನನ್ನ ಮುಖ ನೋಡಿ ಬೈಲಿ. ನೀನು ಒಳಗೆ ಹೋಗಿ ಅಂಗಡಿ ನೋಡ್ಕೋ, ಗಿರಾಕಿ ಬರೋ ಹೊತ್ತು. ಕೈ ಬಿಡು ಈಗ, ಮೆಟ್ಟಿಲು ನಾನೇ ಇಳೀತೇನೆ.”