ದೊಡ್ಡಿಯಲ್ಲಿ ಉಳಿಕೆ: ಒಂದು

ವರ್ಷಕ್ಕೊಮ್ಮೆ ಮೇಲಿನ ಕಚೇರಿಗೆ ಕಳಿಸುವ ಆಡಳಿತ ವರದಿಯನ್ನು ಯಾರೂ ಓದುವುದಿಲ್ಲ ಎಂದು ನೌಕರಿಗೆ ಸೇರಿದಾಗಲೇ ಹಿರಿಯರು ಹೇಳಿಕೊಟ್ಟಿದ್ದರು. ನಾನು ನಂಬಿರಲಿಲ್ಲ. ಯಾರೋ ಓದುತ್ತಾರೆ, ನನ್ನದನ್ನೇ ಓದುತ್ತಾರೆ, ಅದರಲ್ಲೂ ತಪ್ಪಿರುವ ಸಾಲನ್ನೇ ಓದುತ್ತಾರೆ ಎಂಬ ಭಯ ನನಗೆ ಹುಟ್ಟಿನಿಂದ ಬಂದದ್ದು. ಬೀಗ ಹಾಕಿದೆನೋ ಇಲ್ಲವೋ ಎಂದು ಬಸ್ ಸ್ಟಾಂಡಿನಿಂದ ವಾಪಸು ಬಂದು, ಬೀಗ ಎಳೆದು ನೋಡಿ, ಅಷ್ಟರಲ್ಲಿ ಬಸ್ಸು ತಪ್ಪಿಸಿಕೊಳ್ಳುವವರ ಪೈಕಿ ನಾನು. ಈಗ ವಯಸ್ಸು ಐವತ್ತರ ಹತ್ತಿರ ಬಂದರೂ ಬೀಗ ಎಳೆಯುವುದು ನಿಂತಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಜಾವಗಲ್ ಕಡೆಯ ಒಂದು ಗ್ರಾಮ ಪಂಚಾಯ್ತಿಗೆ ಕಾರ್ಯದರ್ಶಿಯಾಗಿದ್ದೆ. ವರದಿಯ ನಮೂನೆ ಬಹಳ ಹಳೆಯದು. ಬೀದಿದೀಪ ಎಷ್ಟು, ಬಾವಿ ಎಷ್ಟು, ದನದ ದೊಡ್ಡಿ ಎಷ್ಟು, ವರ್ಷದಲ್ಲಿ ದೊಡ್ಡಿಗೆ ಹೊಡೆದ ದನ ಎಷ್ಟು, ವರ್ಷಾಂತ್ಯಕ್ಕೆ ಉಳಿಕೆ ಎಷ್ಟು. ಕಂಡವರ ಹೊಲ ಮೇಯ್ದ ದನಗಳನ್ನು ತಂದು ಕೂಡುವ ದೊಡ್ಡಿ ನಮ್ಮಲ್ಲೂ ಒಂದಿತ್ತು. ಸುತ್ತ ಕಲ್ಲಿನ ಗೋಡೆ, ಮೂಲೆಯಲ್ಲಿ ಕಾವಲುಗಾರನಿಗೆಂದು ಹೆಂಚು ಹೊದಿಸಿದ ಒಂದು ಕೋಣೆ. ಆದರೆ ಜನ ದನ ಹೊಡೆದುಕೊಂಡು ಬರುವುದನ್ನು ಎಂದೋ ಬಿಟ್ಟಿದ್ದರು. ಜಗಳವನ್ನು ಹೊಲದ ಬದುವಿನ ಮೇಲೇ ಮುಗಿಸಿಕೊಳ್ಳುತ್ತಿದ್ದರು. ಕಾವಲುಗಾರ ತೀರಿಕೊಂಡ ಮೇಲೂ ಅವನ ಹೆಂಡತಿ ಆ ಕೋಣೆಯಲ್ಲೇ ಇದ್ದಳು. ಊರವರು ಆಕೆಯನ್ನು ದೊಡ್ಡಿಯಮ್ಮ ಎನ್ನುತ್ತಿದ್ದರು. ಹೊರಗಿನಿಂದ ಬಂದವರು ಅದನ್ನು ದೊಡ್ಡಮ್ಮ ಎಂದು ಕೇಳಿಸಿಕೊಂಡು ಸ್ವಲ್ಪ ಹೆಚ್ಚಿಗೇ ಮರ್ಯಾದೆ ಕೊಡುತ್ತಿದ್ದರು.

ಆಕೆಗೆ ಬೇಕಾಗಿದ್ದದ್ದು ಒಂದೇ, ಮನೆ ನಂಬರು. ನಂಬರಿಲ್ಲದೆ ರೇಷನ್ ಕಾರ್ಡಿಲ್ಲ. ದೊಡ್ಡಿಗೆ ಮನೆ ನಂಬರು ಕೊಡಲು ನನಗೆ ಅಧಿಕಾರವಿಲ್ಲ. ದಾಖಲೆಯ ಪ್ರಕಾರ ಅಲ್ಲಿ ಮನುಷ್ಯರೇ ಇಲ್ಲ.

ಆ ವರ್ಷ ವರದಿ ತುಂಬಲು ನಾನೂ ಬಿಲ್ ಕಲೆಕ್ಟರೂ ಕೂತೆವು. ಕಂದಾಯ ವಸೂಲಿಯಲ್ಲೇ ಕೂದಲು ಹಣ್ಣಾದ ಮನುಷ್ಯ ಆತ. ಆತ ಕಾಲಂ ಓದುವುದು, ನಾನು ಬರೆಯುವುದು. ದೊಡ್ಡಿಯಮ್ಮ ಕಚೇರಿಯ ಗುಡಾಣಕ್ಕೆ ನೀರು ಹುಯ್ಯುತ್ತಿದ್ದಳು.

"ದೊಡ್ಡಿ ಒಂದು. ಉಳಿಕೆ ಶೂನ್ಯ. ಹೋದ ವರ್ಷದ್ದೇ ಇಳಿಸ್ಕಳಿ ಸಾರ್," ಎಂದ ಬಿಲ್ ಕಲೆಕ್ಟರ್.

"ಅದ್ಯಾಕಪ್ಪಾ ಶೂನ್ಯ?" ಎಂದಳು ದೊಡ್ಡಿಯಮ್ಮ, ಬಿಂದಿಗೆ ಇಳಿಸಿ. "ನಾನಿಲ್ವಾ?"

ಆತ ನಕ್ಕ. ನನಗೆ ನಗು ಬರಲಿಲ್ಲ. ವರದಿಯ ಕೊನೆಗೆ 'ಮೇಲ್ಕಂಡ ವಿವರಗಳು ಸತ್ಯವೆಂದು ದೃಢೀಕರಿಸುತ್ತೇನೆ' ಎಂದು ಅಚ್ಚಾಗಿರುತ್ತದೆ. ಅದರ ಕೆಳಗೆ ಸಹಿ ನನ್ನದು. ಪೂರ್ತಿ ನಿಜ ಬರೆಯುವ ಧೈರ್ಯವಿಲ್ಲ, ಪೂರ್ತಿ ಸುಳ್ಳು ಬರೆಯುವ ಧೈರ್ಯವೂ ಇಲ್ಲ. ಉಳಿಕೆಯ ಕಾಲಂನಲ್ಲಿ 'ಒಂದು' ಎಂದು ಬರೆದು, ಶಾಯಿ ಒಣಗುವ ಮೊದಲೇ ಹೆದರಿಕೊಂಡು, ಹಾಗೇ ಕಳಿಸಿಬಿಟ್ಟೆ.

ಮೂರು ತಿಂಗಳಿಗೆ ಮೇಲಿನ ಕಚೇರಿಯಿಂದ ಆಕ್ಷೇಪಣೆ ಬಂತು. 'ದೊಡ್ಡಿಯಲ್ಲಿ ಉಳಿಕೆ ಇರುವ ಒಂದನ್ನು ನಿಯಮಾನುಸಾರ ಹರಾಜು ಮಾಡಿ, ಹದಿನೈದು ದಿನದೊಳಗೆ ಅನುಪಾಲನಾ ವರದಿ ಸಲ್ಲಿಸುವುದು.'

ಬಿಲ್ ಕಲೆಕ್ಟರ್ ಅದನ್ನು ಎರಡು ಸಲ ಓದಿದ. "ಅಲ್ಲಾ ಸಾರ್, ಡಂಗೂರ ಹೊಡೆಸ್ಬೇಕಾ ಹೆಂಗೆ?" ಎಂದ. ಆಮೇಲೆ ದನಿ ತಗ್ಗಿಸಿ, "ವಾರಸುದಾರ ಬಂದು ಬಿಡಿಸ್ಕಂಡು ಹೋದ ಅಂತ ಬರೀರಿ. ಮುಗೀತು," ಎಂದು ದಾರಿ ತೋರಿಸಿದ.

ಮುಗಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಖಾಲಿ ದೊಡ್ಡಿಗಳನ್ನು ನಿರುಪಯುಕ್ತ ಕಟ್ಟಡಗಳ ಪಟ್ಟಿಗೆ ಸೇರಿಸಿ ಕೆಡವಿಸಬೇಕೆಂಬ ಸುತ್ತೋಲೆ ಆಗಲೇ ಬಂದು ಫೈಲಿನಲ್ಲಿ ಕೂತಿತ್ತು. ಖಾಲಿ ಎಂದರೆ ಕೋಣೆ ಹೋಗುತ್ತದೆ. ಹೆಂಗಸೊಬ್ಬಳಿದ್ದಾಳೆ ಎಂದರೆ ಒತ್ತುವರಿ ಎಂದು ನೋಟಿಸು ಬರುತ್ತದೆ, ಜೊತೆಗೆ ಇಷ್ಟು ವರ್ಷ ಶೂನ್ಯ ಬರೆದದ್ದು ಯಾಕೆ ಎಂದು ನನಗೂ ಒಂದು. ಎರಡನೆಯ ನೋಟಿಸಿನ ಬಗ್ಗೆಯೇ ನಾನು ಹೆಚ್ಚು ಯೋಚಿಸಿದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಬಾಯಿಮಾತಿನಲ್ಲಿ ಬಗೆಹರಿಸೋಣವೆಂದು ಬಸ್ಸಿನಲ್ಲಿ ಕೊಬ್ಬರಿ ಮೂಟೆಗಳ ನಡುವೆ ನಿಂತುಕೊಂಡು ಅರಸೀಕೆರೆಯ ಮೇಲಿನ ಕಚೇರಿಗೆ ಹೋದೆ. ಕಡತ ನೋಡುವ ಗುಮಾಸ್ತರು ಕನ್ನಡಕದ ಮೇಲಿನಿಂದ ನೋಡಿದರು.

"ಎಮ್ಮೆನೋ ಹಸುನೋ ಕಾರ್ಯದರ್ಶಿಗಳೇ?"

"ಹೆಂಗಸು ಸಾರ್."

"ಹಸುನಾ?"

"ಅಲ್ಲ ಸಾರ್. ಹೆಂಗಸು. ಕಾವಲುಗಾರನ ಹೆಂಡತಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನಗೆ ಹೇಳಬೇಡಿ ಕಣ್ರೀ, ಬರೆದುಕೊಡಿ," ಎಂದು ಕಡತ ಮುಚ್ಚಿದರು.

ಮಾರನೆಯ ದಿನ ದೊಡ್ಡಿಗೇ ಹೋದೆ. ಆಕೆ ಅಂಗಳದಲ್ಲಿ ಹುರುಳಿ ಹಸನು ಮಾಡುತ್ತಿದ್ದಳು. ಆಕ್ಷೇಪಣೆ ಓದಿ ಹೇಳಿದೆ. ಅಳುತ್ತಾಳೆಂದು ಎಣಿಸಿದ್ದೆ.

"ಹರಾಜು ಹಾಕ್ರಿ ಸಾಮಿ, ಯಾವನು ಕೂಗ್ತಾನೋ ನೋಡನ," ಎಂದಳು. ಮೊರ ಪಕ್ಕಕ್ಕಿಟ್ಟಳು. "ನಮ್ಮೆಜಮಾನ ಕಾಯ್ತಿದ್ದ. ಅವನು ಹೋದ್ಮೇಲೆ ನಾನು ಕಾಯ್ತಾ ಇವ್ನಿ. ಒಂದು ಕಲ್ಲು ಹೋಗಿದ್ರೆ ತೋರಿಸಿ. ಐತೋ ಇಲ್ವೋ? ಇರೋದ್ನ ಬರಿಯಕ್ಕೆ ನಿಮಗೇನಂತೆ ಕಷ್ಟ?"

ಕಚೇರಿಗೆ ಬಂದು ಆಕೆ ಹೇಳಿದ್ದನ್ನೇ ನಮ್ಮ ಭಾಷೆಗೆ ಇಳಿಸಿದೆ. 'ಉಳಿಕೆ ಇರುವ ಒಂದು ಜಾನುವಾರು ಅಲ್ಲ. ದಿವಂಗತ ಕಾವಲುಗಾರನ ಪತ್ನಿ. ಸದರಿಯವರು ಪತಿಯ ಕಾಲದಿಂದಲೂ ದೊಡ್ಡಿಯಲ್ಲಿಯೇ ವಾಸವಿದ್ದು, ಕಟ್ಟಡವನ್ನು ಕಾಯ್ದುಕೊಂಡಿರುತ್ತಾರೆ. ಆದ್ದರಿಂದ ಹರಾಜಿಗೆ ಅವಕಾಶವಿರುವುದಿಲ್ಲ.' ಸಹಿ ಹಾಕಿ, ಮೊಹರು ಒತ್ತಿ, ಅಂಚೆಗೆ ಹಾಕಿದ ಮೇಲೆ ನನಗೆ ಎರಡು ದಿನ ಊಟ ಸೇರಲಿಲ್ಲ.

ಬಂದ ಉತ್ತರ ಒಂದೇ ಸಾಲು: 'ಅನುಪಾಲನೆ ಒಪ್ಪಿದೆ. ಆಕ್ಷೇಪಣೆ ಕೈಬಿಡಲಾಗಿದೆ.' ಓದಿ ಒಪ್ಪಿದರೋ, ಓದದೆ ಒಪ್ಪಿದರೋ ಇಂದಿಗೂ ತಿಳಿಯದು. ನಾನು ಕಾಗದವನ್ನು ಫೈಲಿಗೆ ಸೇರಿಸಿ ನಿಟ್ಟುಸಿರುಬಿಟ್ಟೆ. ಅದರ ಬೆಲೆ ತಿಳಿದದ್ದು ಬಿಲ್ ಕಲೆಕ್ಟರಿಗೆ. "ಸಾರ್, ಆಯಮ್ಮ ಅಲ್ಲಿ ವಾಸ ಅವ್ಳೆ ಅಂತ ಸರ್ಕಾರನೇ ಒಪ್ಪಿರೋ ಕಾಗ್ದ ಇದು. ನಂಬರ್ ಕೊಡಕ್ಕೆ ಇನ್ನೇನು ಬೇಕು?" ಎಂದ. ಮುಂದಿನ ಸಭೆಯಲ್ಲಿ ಎರಡೂ ಕಾಗದಗಳನ್ನು ಮಂಡಿಸಿದೆವು. ಸದಸ್ಯರೊಬ್ಬರು ದನ ಹಿಡಿದರೆ ಎಲ್ಲಿ ಕೂಡುವುದು ಎಂದು ಕೇಳಿದರು. ಕೊನೆಯ ಸಲ ಯಾವಾಗ ಹಿಡಿದಿರಿ ಎಂದು ಅಧ್ಯಕ್ಷೆ ಕೇಳಿದ್ದಕ್ಕೆ ಅವರು ಕೂತರು. ಕೋಣೆಯನ್ನು ವಾಸದ ಮನೆಯೆಂದು ದಾಖಲಿಸಿ ನಂಬರು ಕೊಡುವ ಠರಾವು ಪಾಸಾಯಿತು, ಇನ್ನು ಅದು ಕೆಡವುವ ಪಟ್ಟಿಗೆ ಸೇರುವಂತಿರಲಿಲ್ಲ.

ತಗಡಿನ ನಂಬರು ಹೊಡೆಸಲು ನಾನೇ ಹೋಗಿದ್ದೆ. ದೊಡ್ಡಿಯಮ್ಮ ಅದನ್ನು ಸೆರಗಿನಿಂದ ಒರೆಸಿದಳು.

"ಈಗ ಆ ಉಳಿಕೇಲಿ ಏನು ಬರೀತೀರಿ ಸಾಮಿ?"

"ಶೂನ್ಯ."

"ಬರೀರಿ ಬರೀರಿ. ಈಗ ನಾನು ಮನೇಲಿವ್ನಿ."

ಆ ವರ್ಷ ಹಾಗೆಯೇ ಬರೆದೆ. ಸಹಿ ಹಾಕುವ ಮೊದಲು ಮಾತ್ರ ಎದ್ದುಹೋಗಿ, ತಗಡು ಇನ್ನೂ ಬಾಗಿಲ ಮೇಲಿದೆಯೇ ಎಂದು ಒಮ್ಮೆ ಎಳೆದು ನೋಡಿ ಬಂದೆ.